ಪದ ಬೇಕಿದೆ: ಹಳೆ ಕಂಪ್ಯೂಟರಿನ ಕೆಡುತ್ತಿರುವ ಕೆಪಾಸಿಟರಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಹಳೆ ಕಂಪ್ಯೂಟರುಗಳನ್ನು ರಿಪೇರಿ ಮಾಡಿ ಉಳಿಸಿಕೊಳ್ಳುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೊತೆಗೆ ಯಂತ್ರದ ಮೇಲೆ ಅಂಟಿಸಲು ಒಂದು ಎಚ್ಚರಿಕೆ ಚೀಟಿಯೂ ಇದೆ. ಚೀಟಿ ನಾಳೆ ಸಂಜೆ ಅಚ್ಚಿಗೆ ಹೋಗುತ್ತದೆ, ಹಾಗಾಗಿ ಅದು ಅವಸರ.

ತೊಡಕು ಎರಡು. ಕೆಪಾಸಿಟರಿಗೆ (ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಿಡಿಭಾಗಕ್ಕೆ) ಪಠ್ಯಪುಸ್ತಕದ ‘ಧಾರಕ’ ಬಳಸಲೋ, ಹಾಗೇ ಬಿಡಲೋ? ಎರಡನೆಯದು ಇನ್ನೂ ಕಷ್ಟ. ಮೂಲದಲ್ಲಿ ಕೆಡುವುದಕ್ಕೆಲ್ಲ ಒಂದೇ ಪದ ಇದೆ. ಆದರೆ ಕೆಡುವ ಬಗೆ ಬೇರೆ ಬೇರೆ. ಒಂದರ ನೆತ್ತಿ ಮೇಲೇಳುತ್ತದೆ. ಇನ್ನೊಂದರ ಒಳಗಿನ ದ್ರವ ಹೊರಗೆ ಬರುತ್ತದೆ. ಮತ್ತೊಂದು ನೋಡಲು ಹೊಸದರ ಹಾಗೇ ಇದ್ದು ಒಳಗೆ ಸತ್ವ ಕಳೆದುಕೊಂಡಿರುತ್ತದೆ. ಪವರ್ ಸಪ್ಲೈನಲ್ಲಿರುವುದು ಹೊಗೆ ಬಿಡುತ್ತದೆ. ಎಲ್ಲಕ್ಕೂ ‘ವಿಫಲ’ ಅಂದರೆ ಓದುವವರಿಗೆ ಏನು ಸಿಕ್ಕಂತಾಯಿತು? ಪೂರ್ತಿ ಕೆಟ್ಟಿಲ್ಲ, ಕೆಡುವ ದಾರಿಯಲ್ಲಿದೆ ಅನ್ನುವುದಕ್ಕೂ ಒಂದು ಪದ ಬೇಕು.

ದಯವಿಟ್ಟು ಬೇಗ ತಿಳಿಸಿ.

ಮರು: ಕೆಡುತ್ತಿರುವ ಕೆಪಾಸಿಟರ್

> ಪಠ್ಯಪುಸ್ತಕದ ‘ಧಾರಕ’ ಬಳಸಲೋ

ಬೇಡ. ‘ಧೃ’ ಧಾತುವಿನಿಂದ ಬಂದ ಪದಗಳು ನಮ್ಮಲ್ಲಿ ಈಗಾಗಲೇ ಜಾಸ್ತಿ ಇವೆ. ಕನ್ನಡದಲ್ಲಿ ಬೇರೆ ಇಲ್ಲವೇ?

ಮಿನ್ (ವಿದ್ಯುತ್) + ಕೊಳ = ಮಿಂಗೊಳ. ಆದೇಶ ಸಂಧಿ ನೇರವಾಗಿ ಕೂಡುತ್ತದೆ, ಅರಿಸಮಾಸದ ದೋಷವೂ ಇಲ್ಲ. ‘ಕೊಳ’ ಅನ್ನುವುದೇ ‘ಕೊಳ್’ ಧಾತುವಿನಿಂದ ಬಂದದ್ದು: ತನ್ನೊಳಗೆ ತೆಗೆದುಕೊಳ್ಳುವುದು, ಹಿಡಿಸುವುದು. ಈ ಪುಟ್ಟ ವಸ್ತು ಮಾಡುವ ಕೆಲಸವೂ ಅದೇ, ಅಲ್ವಾ? ಕೆಟ್ಟರೆ ‘ಕೆಟ್ಟ ಮಿಂಗೊಳ’ ಅನ್ನಿ. ಚೀಟಿಗೆ ಇಷ್ಟು ಸಾಕು.

ಮರು: ಮರು: ಕೆಡುತ್ತಿರುವ ಕೆಪಾಸಿಟರ್

ಮಿಂಗೊಳ ಬೇಡವೇ ಬೇಡ. ‘ಕೊಳ’ಕ್ಕೂ ‘ಕೊಳ್’ಗೂ ನಂಟಿಲ್ಲ. ತಮಿಳಿನಲ್ಲಿ ಕೊಳಕ್ಕೆ ‘ಕುಳಂ’, ‘ಕೊಳ್’ಗೆ ‘ಕೊಳ್’. ಎರಡೂ ಬೇರೆ ಬೇರು. ನಮ್ಮಲ್ಲಿ ಉಕಾರ ಒಕಾರವಾಗಿ ಎರಡೂ ಒಂದೇ ಥರ ಕೇಳಿಸುತ್ತವೆ, ಅಷ್ಟೇ. ಮೇಲಾಗಿ ಮೊದಲ ಸಲ ಓದುವವರಿಗೆ ಮಿಂಗೊಳ ಅಂದರೆ ಮೀನಿನ ಕೊಳ.

ಹೆಸರಿನ ಮಾತು ಇಲ್ಲಿಗೆ ಮುಗಿಸೋಣ: ಕೆಪಾಸಿಟರ್. ಫ್ಯಾನು, ಪಂಪು ರಿಪೇರಿ ಮಾಡುವವರ ಬಾಯಲ್ಲಿ ಇವತ್ತಿಗೂ ‘ಕಂಡೆನ್ಸರ್’ ಇದೆ. ಅದೂ ಸುಮ್ನೆ ಬಂದದ್ದಲ್ಲ, 1782ರಲ್ಲಿ ವೋಲ್ಟಾ ಇಟ್ಟ ಹೆಸರಿನ ಮುಂದುವರಿಕೆ. ಆದರೆ ಫ್ರಿಜ್ಜಿನಲ್ಲಿರುವ ಕಂಡೆನ್ಸರ್ ಬೇರೆಯೇ ವಸ್ತು. ಅದಕ್ಕೇ ಕೈಪಿಡಿಯಲ್ಲಿ ಆ ಹೆಸರನ್ನು ತರಬೇಡಿ.

ನೀವು ಕೇಳಿದ ಎರಡನೆಯದೇ ನಿಜವಾದ ಪ್ರಶ್ನೆ. ಚೀಟಿ ಓದುವವರ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತದೆ. ನೀವು ಯಾವ ಕ್ರಿಯಾಪದ ಬರೆಯುತ್ತೀರೋ ಅವರ ಕಣ್ಣು ಅದನ್ನೇ ಹುಡುಕುತ್ತದೆ. ಪದ ತಪ್ಪಿದರೆ ಕೆಟ್ಟದ್ದು ಬೋರ್ಡಿನಲ್ಲೇ ಉಳಿಯುತ್ತದೆ. ಒಂದೊಂದಾಗಿ ನೋಡೋಣ.

ನೆತ್ತಿ ಮೇಲೇಳುವುದಕ್ಕೆ ‘ಉಬ್ಬು’. ‘ಕೆಪಾಸಿಟರ್ ಊದಿದೆ’ ಅಂತಲೂ ಹೇಳುತ್ತಾರೆ, ತಪ್ಪಲ್ಲ. ಆದರೆ ‘ಊದು’ ಸಕರ್ಮಕವೂ ಹೌದು, ಚೀಟಿಯಲ್ಲಿ ‘ಊದಿ’ ಅಂತ ಬಂದರೆ ಬಾಯಿಂದ ಗಾಳಿ ಊದುವವರೂ ಸಿಗುತ್ತಾರೆ. ಅಲ್ಯುಮಿನಿಯಂ ಡಬ್ಬಿಯ ನೆತ್ತಿಯ ಮೇಲೆ ಕೂಡುವ ಗುರುತಿನ (+) ಹಾಗೆ ಗೀರು ಹಾಕಿರುತ್ತಾರೆ. ಒಳಗೆ ಅನಿಲ ತುಂಬಿದಾಗ ಅಲ್ಲಿ ಬಿರಿದುಕೊಳ್ಳಲಿ ಅಂತ. 1999ರಿಂದ ಸುಮಾರು 2007ರವರೆಗಿನ ಮದರ್‌ಬೋರ್ಡುಗಳಲ್ಲಿ ಸಾಲುಸಾಲಾಗಿ ಉಬ್ಬಿದ್ದು ಹೀಗೇ. ಒಳಗಿನ ದ್ರವದಲ್ಲಿ ನೀರಿನ ಪಾಲು ಜಾಸ್ತಿ ಇತ್ತು, ಲೋಹವನ್ನು ಕಾಯುವ ಬೆರಕೆ ಸರಿಯಿರಲಿಲ್ಲ. ನೀರು ಅಲ್ಯುಮಿನಿಯಂ ಜೊತೆ ಸೇರಿ ಹೈಡ್ರೋಜನ್ ಹುಟ್ಟುತ್ತಿತ್ತು. ನೆತ್ತಿ ಚಪ್ಪಟೆಯಾಗಿರಬೇಕು. ಬೆರಳಿಗೆ ಗುಮ್ಮಟ ಸಿಕ್ಕರೆ ಅದು ಉಬ್ಬಿದ್ದೇ.

ದ್ರವ ಹೊರಬರುವುದಕ್ಕೆ ‘ಸೋರು’ ಬರೆಯಬೇಡಿ. ಸೋರುತ್ತಿದೆ ಅಂದರೆ ಜನ ತೊಟ್ಟಿಕ್ಕುವ ಹನಿ ಹುಡುಕುತ್ತಾರೆ. ಎಂಬತ್ತರ ದಶಕದ ಕೊನೆಗೆ, ತೊಂಬತ್ತರ ಮೊದಲಿಗೆ ಬೋರ್ಡಿನ ಮೇಲ್ಮೈಗೇ ಬೆಸೆದು ಕೂರಿಸುವ ಸಣ್ಣ ಡಬ್ಬಿಗಳು ಬಂದವಲ್ಲ, 1989ರ ಮ್ಯಾಕಿಂಟಾಷ್ ಎಸ್‌ಇ/30, 1992ರ ಅಮಿಗಾ 1200 ಇಂಥ ಯಂತ್ರಗಳಲ್ಲಿ, ಅವು ಎಷ್ಟೋ ಸಲ ಉಬ್ಬುವುದೇ ಇಲ್ಲ. ಒಳಗಿನ ದ್ರವ ತಳದ ರಬ್ಬರ್ ಬಿರಡೆಯ ಸಂದಿನಿಂದ ಬೋರ್ಡಿನ ಮೇಲೆ ತೆಳ್ಳಗೆ ಹರಡುತ್ತದೆ. ಹನಿ ಕಾಣುವುದಿಲ್ಲ. ಕಾಣುವುದು ಹೊಳಪು ಹೋಗಿ ಬೂದಿ ಬಣ್ಣಕ್ಕೆ ತಿರುಗಿದ ಬೆಸುಗೆ. ಬಿಚ್ಚಲು ಬಿಸಿ ಮುಟ್ಟಿಸಿದರೆ ಮೀನಿನ ವಾಸನೆ ಮೂಗಿಗೆ ಹೊಡೆಯುತ್ತದೆ. ಇದು ‘ಜಿನುಗು’. ‘ಒಸರು’ ಕೂಡ ನಡೆಯುತ್ತದೆ, ಆದರೆ ಅದು ಎಲ್ಲರಿಗೂ ಬಳಕೆಯ ಪದವಲ್ಲ.

ಜಿನುಗಿದ್ದು ತಾಮ್ರದ ಗೆರೆಗಳನ್ನು ತಿಂದಾಗ ದಯವಿಟ್ಟು ‘ತುಕ್ಕು’ ಅನ್ನಬೇಡಿ. ತುಕ್ಕು ಕಬ್ಬಿಣಕ್ಕೆ. ತಾಮ್ರಕ್ಕೆ, ಹಿತ್ತಾಳೆಗೆ ‘ಕಿಲುಬು’. ಹಸಿರು ಬಣ್ಣ ಪದದೊಳಗೇ ಇದೆ. ಓದಿದವರು ಸರಿಯಾದದ್ದನ್ನೇ ಹುಡುಕುತ್ತಾರೆ.

ಒಳಗೆ ಒಣಗುವುದಕ್ಕೆ ‘ಬತ್ತು’. ‘ಆರು’ ಸಲ್ಲದು, ದೀಪವೂ ಆರುತ್ತದೆ. ‘ಒಣಗು’ ಅಂದರೆ ಹೊರಗಿನ ತೇವ ಹೋದದ್ದು. ಒಳಗಿದ್ದದ್ದು ಕಾಲಕ್ರಮದಲ್ಲಿ ಇಲ್ಲವಾಗುವುದು ಬತ್ತುವುದು, ಕೆರೆಯ ಹಾಗೆ. ಬಿಸಿ ಇದಕ್ಕೆ ದೊಡ್ಡ ಕಾರಣ. ಶಾಖ 10 ಡಿಗ್ರಿ ಏರಿದರೆ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಲೆಕ್ಕ. ಬತ್ತಿದ್ದು ಕಣ್ಣಿಗೆ ಕಾಣುವುದಿಲ್ಲ, ಇಎಸ್‌ಆರ್ ಮೀಟರ್ (ಕೆಪಾಸಿಟರಿನ ಒಳಗಿನ ರೋಧ ಅಳೆಯುವ ಸಾಧನ) ಇಟ್ಟೇ ನೋಡಬೇಕು. ತಣ್ಣಗಿದ್ದಾಗ ಯಂತ್ರ ಶುರುವಾಗಲು ಸತಾಯಿಸಿ, ಬಿಸಿಯಾದ ಮೇಲೆ ಸರಿಯಾಗಿ ನಡೆದರೆ ಮೊದಲ ಅನುಮಾನ ಇದರ ಮೇಲೆ.

ನೀವು ಕೇಳಿದ ‘ಕೆಡುವ ದಾರಿಯಲ್ಲಿರುವ’ ಸ್ಥಿತಿಗೆ ಜನ ‘ವೀಕ್ ಆಗಿದೆ’ ಅನ್ನುತ್ತಾರೆ. ಅಚ್ಚಿನಲ್ಲಿ ‘ಸೊರಗಿದ ಕೆಪಾಸಿಟರ್’ ಅನ್ನಿ. ಜೀವ ಇದೆ, ಕಸುವಿಲ್ಲ. ಕನ್ನಡದಲ್ಲಿ ಇಷ್ಟು ಚೊಕ್ಕ ಪದ ಇರುವಾಗ ‘ವೈಫಲ್ಯೋನ್ಮುಖ’ದಂಥದ್ದನ್ನು ಕಟ್ಟುವುದು ಬೇಡ.

ಮರು: ಕೆಪಾಸಿಟರ್ ಅಲ್ಲ, ಧಾರಕ

> ಹೆಸರಿನ ಮಾತು ಇಲ್ಲಿಗೆ ಮುಗಿಸೋಣ

ಹಾಗೆ ಮುಗಿಸಲು ಬರುವುದಿಲ್ಲ. ಶಾಲೆಯಲ್ಲಿ ಓದಿದ ಮಕ್ಕಳಿಗೆ ಧಾರಕ ಗೊತ್ತು, ಧಾರಕತೆ ಗೊತ್ತು. ಕೈಪಿಡಿಯಲ್ಲಿ ಧಾರಕತೆಯ ಅಳತೆಯಾದ ಮೈಕ್ರೋಫ್ಯಾರಡ್ ಲೆಕ್ಕ ಬಂದಾಗ ಏನು ಬರೆಯುತ್ತೀರಿ? ಕೆಪಾಸಿಟೆನ್ಸ್? ಆಮೇಲೆ ರೆಸಿಸ್ಟೆನ್ಸ್, ವೋಲ್ಟೇಜ್, ಚಾರ್ಜ್. ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ರೋಧ, ಆವೇಶ, ಧಾರಕತೆ ಒಂದೇ ಸಾಲಿನ ಪದಗಳು. ಒಂದನ್ನು ಕಿತ್ತರೆ ಉಳಿದವೂ ಸಡಿಲವಾಗುತ್ತವೆ.

ಮರು: ಮರು: ಕೆಪಾಸಿಟರ್ ಅಲ್ಲ, ಧಾರಕ

ನೋಡಿ, ಒಬ್ಬರು ಸಂಸ್ಕೃತ ತರುತ್ತಾರೆ, ಇನ್ನೊಬ್ಬರು ಇಂಗ್ಲಿಷ್ ತರುತ್ತಾರೆ. ಕನ್ನಡ ತಂದರೆ ಮಾತ್ರ ಮೀನಿನ ಕೊಳ ಕಾಣುತ್ತದೆ. ‘ಮಿಂಚೆ’ (ಇಮೇಲ್) ಮೊದಲು ಕಂಡಾಗಲೂ ಮೂಗು ಮುರಿದವರಿದ್ದರು. ಈಗ ಎಷ್ಟೋ ಮಂದಿ ಬಳಸುತ್ತಾರೆ.

ಮರು: ಮರು: ಮರು: ಕೆಪಾಸಿಟರ್ ಅಲ್ಲ, ಧಾರಕ

ಮಿಂಚೆಯ ಒಳಗೆ ‘ಅಂಚೆ’ ಇದೆ. ಯಾರೂ ವಿವರಿಸಬೇಕಾಗಿಲ್ಲ. ಅದಕ್ಕೇ ನಡೆಯಿತು. ಮಿಂಗೊಳಕ್ಕೆ ಆ ಆಸರೆ ಇಲ್ಲ.

ಎರವಲಿನ ಬಗ್ಗೆ ಒಂದೇ ಮಾತು. ಕುರ್ಚಿ ಅರಬ್ಬಿಯಿಂದ ಬಂದದ್ದು, ಚಾವಿ ಪೋರ್ಚುಗೀಸಿನಿಂದ. ಅವನ್ನು ಪರಕೀಯ ಅನ್ನುವವರು ಇಲ್ಲಿ ಯಾರಿದ್ದೀರಿ? ಕೇಶಿರಾಜ ಕೂಡ ಹೊರಗಿನ ಪದ ಕನ್ನಡದ ಬಾಯಿಗೆ ಹೊಂದಿಕೊಳ್ಳುವ ಬಗೆಯನ್ನು ಒಂದು ಪ್ರಕರಣವಾಗಿಯೇ ಬರೆದಿದ್ದಾನೆ. ವಸ್ತುವಿನ ಜೊತೆ ಹೆಸರು ಬರುತ್ತದೆ, ಬರಲಿ. ಆದರೆ ಉಬ್ಬುವುದು, ಜಿನುಗುವುದು, ಬತ್ತುವುದು ವಸ್ತುವಿನ ಜೊತೆ ಬಂದವಲ್ಲ, ನಮ್ಮ ಕಣ್ಣು ಕಂಡವು. ಅಲ್ಲಿ ‘ಲೀಕ್ ಆಗಿದೆ’, ‘ಫೇಲ್ ಆಗಿದೆ’ ಅಂತ ಬರೆದರೆ ನನಗೆ ಸಿಟ್ಟು ಬರುತ್ತದೆ.

ಇನ್ನು ‘ಆವೇಶ’. ಪಾಠದಲ್ಲಿ ಇರಲಿ. ಎಚ್ಚರಿಕೆ ಚೀಟಿಯಲ್ಲಿ ‘ಇದರಲ್ಲಿ ಆವೇಶ ಉಳಿದಿರುತ್ತದೆ’ ಎಂದು ಬರೆದರೆ ಎಷ್ಟು ಜನಕ್ಕೆ ಅದು ಶಾಕ್ ಹೊಡೆಯುವ ವಿಷಯ ಅಂತ ಹೊಳೆಯುತ್ತದೆ? ಇದು ಜೀವದ ಪ್ರಶ್ನೆ. ಚಾರ್ಜ್ ಅನ್ನಿ.

ಮರು: ಚೀಟಿಯ ಕರಡು

ಎಲ್ಲರಿಗೂ ಧನ್ಯವಾದ. ಚೀಟಿಯಲ್ಲಿ ಕೆಪಾಸಿಟರ್. ಕೈಪಿಡಿಯ ಲೆಕ್ಕದ ಅಧ್ಯಾಯದಲ್ಲಿ ಮಾತ್ರ ಧಾರಕತೆಯನ್ನು ಒಮ್ಮೆ ಹೇಳಿ ಮುಂದೆ ಹೋಗುತ್ತೇನೆ. ಕರಡು ಹೀಗಿದೆ:

“ಎಚ್ಚರಿಕೆ. ಹಳೆಯ ಯಂತ್ರ. ಪ್ಲಗ್ ಹಾಕುವ ಮೊದಲು ಕವಚ ಬಿಚ್ಚಿ ನೋಡಿ. ಉಬ್ಬಿದ, ಜಿನುಗಿದ, ಸಿಡಿದ ಕೆಪಾಸಿಟರ್ ಕಂಡರೆ ಕರೆಂಟ್ ಕೊಡಬೇಡಿ. ಬದಲಿಸುವಾಗ ಪಟ್ಟೆ ಇರುವ ಕಡೆ ನೆಗೆಟಿವ್ ಎಂದು ನೆನಪಿಡಿ.”

ಮರು: ಮರು: ಚೀಟಿಯ ಕರಡು

ಮೂರು ತಿದ್ದುಪಡಿ ಬೇಕು, ಅಚ್ಚಿಗೆ ಕೊಡುವ ಮೊದಲೇ.

‘ಸಿಡಿದ’ ಜೊತೆಗೆ ‘ಬಿರುಕು ಬಿಟ್ಟ’ ಸೇರಿಸಿ. ಪವರ್ ಸಪ್ಲೈನಲ್ಲಿ ಮೇನ್ಸ್ ಕರೆಂಟಿಗೆ ಅಡ್ಡಲಾಗಿ ಕೂತಿರುವ ರಿಫಾ ಕಂಪನಿಯ ಕಾಗದದ ಕೆಪಾಸಿಟರುಗಳು ಸಿಡಿಯುವ ಮೊದಲು ಹೇಳಿಯೇ ಸಿಡಿಯುತ್ತವೆ. ಹಳದಿ ಛಾಯೆಯ ಪಾರದರ್ಶಕ ಮೈಯಲ್ಲಿ ಕೂದಲೆಳೆಯಂಥ ಬಿರುಕು ಮೂಡಿರುತ್ತದೆ. ಅದರ ಮೂಲಕ ಒಳಗಿನ ಕಾಗದ ತೇವ ಹೀರಿರುತ್ತದೆ. ಬಿಬಿಸಿ ಮೈಕ್ರೋ ಎಂಬ ಎಂಬತ್ತರ ದಶಕದ ಕಂಪ್ಯೂಟರ್ ಇಟ್ಟುಕೊಂಡವರಿಗೆಲ್ಲ ಆ ದಟ್ಟ ಹೊಗೆ ಗೊತ್ತು. ಬಿರುಕು ಕಂಡಾಗಲೇ ತೆಗೆದರೆ ಹೊಗೆ ನೋಡಬೇಕಿಲ್ಲ.

ಪಟ್ಟೆಯ ಮಾತು ಅಪಾಯ. ಅಲ್ಯುಮಿನಿಯಂ ಡಬ್ಬಿಯಲ್ಲಿ ಪಟ್ಟೆ ನೆಗೆಟಿವ್ ಕಡೆ, ನಿಜ. ಆದರೆ ಮೇಲ್ಮೈಗೆ ಬೆಸೆಯುವ ಟ್ಯಾಂಟಲಮ್ ಲೋಹದ ಕೆಪಾಸಿಟರಿನಲ್ಲಿ ಪಟ್ಟೆ ಪಾಸಿಟಿವ್ ಕಡೆ ಇರುತ್ತದೆ. ಟ್ಯಾಂಟಲಮ್ ತಿರುಗುಮುರುಗಾದರೆ ಸೊರಗುವುದೂ ಇಲ್ಲ, ಜಿನುಗುವುದೂ ಇಲ್ಲ, ನೇರ ಹೊತ್ತಿಕೊಳ್ಳುತ್ತದೆ. ಈ ಸಾಲನ್ನು ಚೀಟಿಯಿಂದ ತೆಗೆದು ಕೈಪಿಡಿಯಲ್ಲಿ ಚಿತ್ರದ ಜೊತೆ ಹಾಕಿ.

ಖಾಲಿಯಾದ ಜಾಗಕ್ಕೆ ಇದನ್ನು ಹಾಕಿ: “ಪ್ಲಗ್ ತೆಗೆದ ಮೇಲೂ ಪವರ್ ಸಪ್ಲೈನ ದೊಡ್ಡ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಚಾರ್ಜ್ ಉಳಿದಿರಬಹುದು. ಮೀಟರ್ ಇಟ್ಟು ನೋಡದೆ ಮುಟ್ಟಬೇಡಿ.”