ರೇಡಿಯೇಟರಿಗೆ ಕೋಲಾ ಸುರಿಯಬೇಕಾ?

ಭಾವ: (ಫಾರ್ವರ್ಡ್ ಆದ ವಿಡಿಯೊ) ಮೆಕ್ಯಾನಿಕ್‌ಗಳು ಮುಚ್ಚಿಟ್ಟ ಗುಟ್ಟು! 2 ಲೀಟರ್ ಕೋಲಾ ಸುರಿಯಿರಿ, ಎಂಜಿನ್ ನೀರನ್ನು ತಣ್ಣಗಾಗಿಸುವ ರೇಡಿಯೇಟರ್ ಎಷ್ಟೇ ಕಟ್ಟಿಕೊಂಡಿರಲಿ, ಹೊಸದಾಗುತ್ತದೆ!

ಭಾವ: ಶೈಲಾ, ಕಾರು ಬಿಸಿ ಆಗ್ತಿದೆ ಅಂದಿದ್ದೆಯಲ್ಲ. ಇದನ್ನು ನೋಡು.

ಶೈಲಾ: ನೋಡಿದೆ. ಸುರಿಯಲಾ?

ಮಂಜು: ಬೇಡ! ಕೋಲಾದಲ್ಲಿ ಫಾಸ್ಫಾರಿಕ್ ಆಮ್ಲ ಇದೆ, ತುಕ್ಕು ಬಿಡಿಸುತ್ತದೆ, ಅದು ಸುಳ್ಳಲ್ಲ. ಆದರೆ ಸಕ್ಕರೆನೂ ಇದೆಯಲ್ಲ. ಎಂಜಿನ್ ಒಳಗೆ ಆ ಅಂಟನ್ನು ತೊಳೆಯುವವರು ಯಾರು? ಈಗಿನ ರೇಡಿಯೇಟರ್ ಅಲ್ಯೂಮಿನಿಯಮ್. ಆಮ್ಲ ಕೊಳೆಯನ್ನು ತಿಂದು ಲೋಹವನ್ನು ಬಿಟ್ಟುಬಿಡುತ್ತದಾ?

ಭಾವ: ಎಷ್ಟು ಕಂದು ನೀರು ಹೊರಗೆ ಬಂತು! ಕಣ್ಣಾರೆ ನೋಡಿದೆ.

ಪುಟ್ಟಿ: ಭಾವ, ಕೋಲಾ ಇರುವುದೇ ಕಂದು ಬಣ್ಣ 😂

ಚಿಕ್ಕಪ್ಪ: ಇಷ್ಟೆಲ್ಲ ಯಾಕೆ? ಥರ್ಮೋಸ್ಟಾಟ್ ಕಿತ್ತು ಬಿಸಾಡಿ. ನಮ್ಮ ಕಾಲದಲ್ಲಿ ಅದೇ ಮಾಡ್ತಿದ್ವಿ.

ಮಂಜು: ಚಿಕ್ಕಪ್ಪ, ಅದು ನೀರು ಬಿಸಿಯಾದ ಮೇಲೆ ಮಾತ್ರ ರೇಡಿಯೇಟರಿಗೆ ಬಿಡುವ ಕವಾಟ. ಅದಿಲ್ಲದೆ ಎಂಜಿನ್ ಬೇಗ ಬಿಸಿಯೇರುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಕೆಲವು ಎಂಜಿನ್ನಿನಲ್ಲಂತೂ ಅದನ್ನು ಕಿತ್ತರೆ ಬೈಪಾಸ್ ದಾರಿ ತೆರೆದೇ ಉಳಿದು, ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆ ಹಾಗೇ ತಿರುಗುತ್ತದೆ. ಆಗ ಇನ್ನೂ ಬಿಸಿ. ಮೊದಲು ಕಟ್ಟಿಕೊಂಡಿದೆಯಾ ಅಂತ ನೋಡೋಣ, ಅಲ್ವಾ? ಅತ್ತಿಗೆ, ಯಾವಾಗ ಬಿಸಿ ಆಗುತ್ತದೆ? ಸಿಗ್ನಲ್ಲಿನಲ್ಲಾ, ಓಡುವಾಗಲಾ?

ಶೈಲಾ: ಸಿಗ್ನಲ್ಲಿನಲ್ಲಿ ಏನೂ ಇಲ್ಲ. ಹೆದ್ದಾರಿಯಲ್ಲಿ, ಅದರಲ್ಲೂ ಏರು ಹತ್ತುವಾಗ ಮುಳ್ಳು ಮೇಲೆ ಹೋಗುತ್ತದೆ.

ಮಂಜು: ಹಾಗಾದರೆ ಫ್ಯಾನ್ ಸರಿಯಿದೆ. ನಿಂತಾಗ ಮಾತ್ರ ಬಿಸಿ ಆಗಿದ್ದರೆ ಫ್ಯಾನ್ ಮೇಲೆ ಅನುಮಾನ ಪಡಬಹುದಿತ್ತು. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ಆದರೂ ಬಿಸಿ ಅಂದರೆ ರೇಡಿಯೇಟರ್ ಕೈಲಿ ಅಷ್ಟು ಶಾಖ ಹೊರಹಾಕಲು ಆಗುತ್ತಿಲ್ಲ. ಒಂದೋ ಹೊರಗಿನ ರೆಕ್ಕೆಗಳ ಮಧ್ಯೆ ಧೂಳು, ಹುಳು ತುಂಬಿದೆ. ಇಲ್ಲವೇ ಒಳಗಿನ ಕೊಳವೆ ಕಟ್ಟಿದೆ. ಎರಡಕ್ಕೂ ಮದ್ದು ಬೇರೆ.

ಭಾವ: ಮುಚ್ಚಳ ತೆಗೆದು ನೋಡಿದರೆ ಗೊತ್ತಾಗುತ್ತದೆ, ಇಷ್ಟು ಪುರಾಣ ಯಾಕೆ?

ಮಂಜು: ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ, ದಯವಿಟ್ಟು. ಆ ಮುಚ್ಚಳ ಒಳಗೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟಿರುತ್ತದೆ. ಹಾಗಾಗಿ 100 ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ಮುಚ್ಚಳ ತಿರುಗಿಸಿದ ಕೂಡಲೇ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ.

ಮರುದಿನ ಬೆಳಿಗ್ಗೆ

ಶೈಲಾ: (ಫೋಟೊ) ತಣ್ಣಗಿರುವಾಗ ತೆಗೆದೆ. ನೀರು ತುಕ್ಕಿನ ಬಣ್ಣ.

ಮಂಜು: ಹಾಲು ಬೆರೆಸಿದ ಹಾಗೆ ಇಲ್ಲ, ಮೇಲೆ ಎಣ್ಣೆ ತೇಲುತ್ತಿಲ್ಲ. ಎಣ್ಣೆ ನೀರು ಬೆರೆತಿದ್ದರೆ ಎರಡೂ ಬೆರೆಯದಂತೆ ತಡೆಯುವ ಎಂಜಿನ್ನಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಅಥವಾ ಎಣ್ಣೆ ತಣ್ಣಗಾಗಿಸುವ ಆಯಿಲ್ ಕೂಲರ್ ನೋಡಬೇಕಾಗುತ್ತಿತ್ತು. ಆದರೆ ನೀರಿಗೆ ಬೆರೆಸುವ ಕೂಲಂಟ್ ದ್ರವ ಇದರಲ್ಲಿ ಎಲ್ಲಿದೆ? ಬರೀ ನಲ್ಲಿ ನೀರಿನ ಹಾಗೆ ಕಾಣುತ್ತಿದೆ.

ಶೈಲಾ: ಕಡಿಮೆ ಆದಾಗಲೆಲ್ಲ ಚಿಕ್ಕಪ್ಪ ನೀರು ತುಂಬಿಸುತ್ತಿದ್ದರು.

ಚಿಕ್ಕಪ್ಪ: ನೀರಿಗಿಂತ ಒಳ್ಳೆಯ ಕೂಲಂಟ್ ಯಾವುದಿದೆ?

ಮಂಜು: ಶಾಖ ಹೊರುವುದರಲ್ಲಿ ನೀರೇ ಮೇಲು, ಒಪ್ಪಿದೆ. ಆದರೆ ಗಡಸು ನೀರಿನ ಸುಣ್ಣ ಕೊಳವೆಯಲ್ಲಿ ಕೂರುತ್ತದೆ, ತುಕ್ಕು ತಡೆಯುವ ಮದ್ದು ನೀರಿನಲ್ಲಿಲ್ಲ. ಇನ್ನೊಂದು, ನೀರು ಪದೇ ಪದೇ ಯಾಕೆ ಕಡಿಮೆ ಆಗುತ್ತಿತ್ತು? ಸೋರಿಕೆಯನ್ನೂ ಹುಡುಕಬೇಕು. ಅತ್ತಿಗೆ, ರೆಕ್ಕೆಗಳು ಹೇಗಿವೆ? ರೇಡಿಯೇಟರ್ ಮುಂದೆ ಅದರ ಹಾಗೇ ಕಾಣುವ ಎಸಿ ಕಂಡೆನ್ಸರ್ ಇರುತ್ತದೆ, ಎರಡರ ನಡುವಿನ ಸಂದಿಗೆ ಟಾರ್ಚ್ ಬಿಡಿ. ಮುಂದಿನಿಂದ ನೋಡಿದರೆ ಅಲ್ಲಿನ ಕಸ ಕಾಣುವುದಿಲ್ಲ.

ಶೈಲಾ: ಬೆಳಕು ಆಚೆ ಬರುತ್ತಿದೆ. ಹುಳ ಸ್ವಲ್ಪ ಇದೆ, ಅಷ್ಟೆ.

ಮಂಜು: ಹಾಗಾದರೆ ಒಳಗೇ. ಎಂಜಿನ್ ಬಿಸಿ ಮಾಡಿ, ಎಸಿ ಆಫ್ ಇಟ್ಟು, ಎಂಜಿನ್ ಕಡೆಯಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಪೂರ್ತಿ ಅಳೆಯಿರಿ. ನೀರು ಒಳಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಮೆಲ್ಲಗೆ ಇಳಿಯಬೇಕು. ದಿಢೀರ್ ತಣ್ಣಗಿನ ಪಟ್ಟೆ ಸಿಕ್ಕರೆ ಅಲ್ಲಿ ನೀರು ಓಡುತ್ತಿಲ್ಲ. ಕೈಯನ್ನು ಫ್ಯಾನ್ ಹತ್ತಿರ ತರಬೇಡಿ, ಎಂಜಿನ್ ಆಫ್ ಆದರೂ ಅದು ತಿರುಗಬಹುದು.

ಶೈಲಾ: ಮೇಲೆಲ್ಲ 85ರ ಆಸುಪಾಸು. ಕೆಳಗೆ ಉದ್ದಕ್ಕೆ ಒಂದು ಪಟ್ಟೆ 50!

ಮಂಜು: ಕೆಸರು ಕೆಳಗೆ ಇಳಿದು ಕೂತಿದೆ.

ಭಾವ: ಅದಕ್ಕೇ ಕೋಲಾ ಅಂದೆ.

ಪುಟ್ಟಿ: ಭಾವ!!

ಚಿಕ್ಕಪ್ಪ: ಟ್ಯಾಂಕ್ ಬಿಚ್ಚಿ ಕೊಳವೆಗಳಿಗೆ ಕಂಬಿ ಹಾಕಿಸು. ನನ್ನ ಗಾಡಿಗೆ ಹಾಗೇ ಮಾಡಿಸಿದ್ದೆ, ಆಮೇಲೆ ತೊಂದರೆ ಬರಲಿಲ್ಲ.

ಮಂಜು: ನಿಮ್ಮದು ತಾಮ್ರ ಹಿತ್ತಾಳೆ ರೇಡಿಯೇಟರ್. ಬೆಸುಗೆ ಬಿಡಿಸಿ, ಕಂಬಿ ಆಡಿಸಿ, ಮತ್ತೆ ಬೆಸುಗೆ ಹಾಕಬಹುದಿತ್ತು. ಇದರಲ್ಲಿ ಪ್ಲಾಸ್ಟಿಕ್ ಟ್ಯಾಂಕನ್ನು ಅಲ್ಯೂಮಿನಿಯಮ್ಮಿಗೆ ಮಡಚಿ ಕೂರಿಸಿರುತ್ತಾರೆ. ಕೊಳವೆಗಳೂ ತೆಳ್ಳಗೆ, ಚಪ್ಪಟೆ. ಕಂಬಿ ತೂರಿಸಿದರೆ ತೂತು.

ಚಿಕ್ಕಪ್ಪ: ಹಾಗಂತ ಯಾರು ಹೇಳಿದರು? ಕೈಚಳಕ ಇರುವವನು ಮಾಡುತ್ತಾನೆ.

ಶೈಲಾ: ಜಗಳ ಆಮೇಲೆ ಆಡಿ. ನಾನೀಗ ಏನು ಮಾಡಲಿ?

ಮಂಜು: ತಣ್ಣಗಾದ ಮೇಲೆ ಕೆಳಗಿನ ಡ್ರೇನ್ ಪ್ಲಗ್ ಬಿಚ್ಚಿ ಹಳೇ ನೀರನ್ನು ಬಕೆಟ್ಟಿಗೆ ಬಿಡಿ. ಅಲ್ಯೂಮಿನಿಯಮ್ಮಿಗೆ ಆಗುತ್ತದೆ ಅಂತ ಬರೆದಿರುವ ಫ್ಲಶ್ ದ್ರವ, ಜೊತೆಗೆ ಡಿಸ್ಟಿಲ್ಡ್ ವಾಟರ್ ತುಂಬಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಇಲ್ಲದಿದ್ದರೆ ಕೆಲವು ಕಾರಿನಲ್ಲಿ ಆ ಕಡೆಗೆ ನೀರು ಹೋಗುವುದಿಲ್ಲ. ಡಬ್ಬಿಯ ಮೇಲಿರುವಷ್ಟು ಹೊತ್ತು ಎಂಜಿನ್ ಓಡಿಸಿ, ತಣ್ಣಗಾಗಿಸಿ, ಬಿಡಿ. ನೀರು ತಿಳಿಯಾಗುವವರೆಗೂ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ತೊಳೆಯಿರಿ. ಕೊನೆಗೆ ಕಾರಿನ ಮ್ಯಾನುಯಲ್‌ನಲ್ಲಿ ಹೇಳಿರುವ ಕೂಲಂಟ್, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ.

ಭಾವ: ಹಸಿರು ಕೂಲಂಟ್ ಡಬ್ಬಿ ನನ್ನ ಹತ್ತಿರ ಮಿಕ್ಕಿದೆ, ಕಳಿಸಲಾ?

ಮಂಜು: ಬಣ್ಣ ನೋಡಿ ಹಾಕುವುದಲ್ಲ ಭಾವ, ಒಂದೇ ಬಣ್ಣದಲ್ಲಿ ಬೇರೆ ಬೇರೆ ರಸಾಯನ ಬರುತ್ತವೆ. ಹೊಂದದ್ದು ಬೆರೆತರೆ ಕೆಲವೊಮ್ಮೆ ಗಟ್ಟಿಯಾಗಿ ಮತ್ತೆ ಕೊಳವೆ ಕಟ್ಟುತ್ತದೆ.

ಶೈಲಾ: ಫ್ಲಶ್ ಮಾಡಿದ ಮೇಲೂ ಆ ಪಟ್ಟೆ ಹಾಗೇ ಇದ್ದರೆ?

ಮಂಜು: ಮತ್ತೆ ಅದೇ ಜಾಗಗಳಲ್ಲಿ ಅಳೆಯಿರಿ. 50ರಲ್ಲೇ ನಿಂತಿದ್ದರೆ ರೇಡಿಯೇಟರ್ ಬದಲಿಸುವುದೇ ದಾರಿ.

ಚಿಕ್ಕಪ್ಪ: ಕಂಬಿ.

ಶೈಲಾ: ಸರಿ, ಇವತ್ತೇ ಮಾಡುತ್ತೇನೆ.

ಮಂಜು: ಆ ಬಕೆಟ್ ಅಂಗಳದಲ್ಲಿ ಬಿಟ್ಟು ಒಳಗೆ ಹೋಗಬೇಡಿ. ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸ್ವಲ್ಪ ಉಳಿದಿದ್ದರೂ ಸಿಹಿ ಇರುತ್ತದೆ, ನಾಯಿ ನೆಕ್ಕಿದರೆ ಸಾಯಬಹುದು.

ಪುಟ್ಟಿ: ಅಮ್ಮಾ ತಡಿ, ಟಾಮಿನ ಕಟ್ಟಿ ಬರ್ತೀನಿ.