ರೊಟೊಕಾಸ್: 6 ವ್ಯಂಜನಗಳಿಗೆ 7 ಅಕ್ಷರಗಳೇಕೆ?

ಪ್ರಶ್ನೆ

ಪಪುವಾ ನ್ಯೂ ಗಿನಿಯ ಬೂಗನ್‌ವಿಲ್ ದ್ವೀಪದ ರೊಟೊಕಾಸ್ ಭಾಷೆಯ ಬಗ್ಗೆ ಓದುತ್ತಿದ್ದೇನೆ. ಅದರ ಮಧ್ಯ ಉಪಭಾಷೆಯಲ್ಲಿ 5 ಸ್ವರಗಳೂ ಪ, ತ, ಕ, ವ, ರ, ಗ ಎಂಬ 6 ವ್ಯಂಜನಗಳೂ ಮಾತ್ರ ಇವೆ ಎನ್ನುತ್ತಾರೆ. ಆದರೆ ಅದನ್ನು ಬರೆಯುವ ರೋಮನ್ ವರ್ಣಮಾಲೆಯಲ್ಲಿ 12 ಅಕ್ಷರಗಳಿವೆ; ಹೆಚ್ಚಿಗೆ ಬಂದಿರುವುದು ‘ಎಸ್’. ಸಕಾರವು ಆ ಭಾಷೆಯಲ್ಲಿ ಪ್ರತ್ಯೇಕ ಧ್ವನಿಮಾ (ಪದಗಳ ಅರ್ಥವನ್ನು ಬೇರ್ಪಡಿಸುವ ಧ್ವನಿ) ಅಲ್ಲವೆಂದಾದರೆ ಅದಕ್ಕೊಂದು ಅಕ್ಷರವೇಕೆ? ಮಕಾರ, ನಕಾರಗಳಿಲ್ಲದೆ ಒಂದು ಭಾಷೆ ನಡೆಯುವುದಾದರೂ ಹೇಗೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ರೊಟೊಕಾಸ್‌ನಲ್ಲಿ ಇಕಾರಕ್ಕೆ ಮೊದಲು ಬರುವ ತಕಾರವು ಸಕಾರವಾಗಿ, ಕೆಲವೊಮ್ಮೆ ‘ತ್ಸ’ ಎಂಬಂತೆ, ಉಚ್ಚಾರವಾಗುತ್ತದೆ. ಬರಹವು ಈ ಉಚ್ಚಾರವನ್ನೇ ಅನುಸರಿಸಿ ಅಲ್ಲಿ ‘ಎಸ್’ ಬಳಸುತ್ತದೆ, ಉಳಿದೆಡೆ ‘ಟಿ’. ‘ತೊಉಪಸಿವೆಇರ’ ಎಂಬ ಕ್ರಿಯಾರೂಪವನ್ನು ನೋಡಿ: ಮೊದಲಲ್ಲಿ ಒಕಾರವಿರುವುದರಿಂದ ತ, ಮುಂದೆ ಇಕಾರವಿರುವುದರಿಂದ ಸ. ಈ ನಿಯಮಕ್ಕೆ ಹೊರತಾಗಿ ಕೊನೆಯಲ್ಲಿ ‘ಎಸ್’ ಇರುವುದು ಭಾಷೆಯ ಹೆಸರಿನಲ್ಲಿಯೇ. ಕನ್ನಡದ ಬರಹ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿದೆ: ಅಂಕ, ಅಂಚು, ಅಂಟು, ಅಂತ, ಅಂಬು ಪದಗಳಲ್ಲಿ ಅನುನಾಸಿಕ ಐದು ಬಗೆಯಾಗಿ ಕೇಳಿಸಿದರೂ ನಾವು ಒಂದೇ ಸೊನ್ನೆಯಲ್ಲಿ ಮುಗಿಸುತ್ತೇವೆ, ಏಕೆಂದರೆ ಮುಂದಿನ ವ್ಯಂಜನವೇ ಅದನ್ನು ನಿರ್ಧರಿಸುತ್ತದೆ. ಧ್ವನಿಮಾಗಳ ಲೆಕ್ಕದಲ್ಲಿ ‘ಎಸ್’ ಅನಗತ್ಯ ನಿಜ. ಆದರೆ ಆ ದೇಶದ ಸಂಪರ್ಕಭಾಷೆಯಾದ ಟೋಕ್ ಪಿಸಿನ್ ಮತ್ತು ಇಂಗ್ಲಿಷನ್ನೂ ಓದಬೇಕಾದ ಮಕ್ಕಳಿಗೆ ಕಿವಿಗೆ ಬಿದ್ದುದನ್ನೇ ಬರೆಯುವ ಈ ಪದ್ಧತಿ ಹೆಚ್ಚು ಒಗ್ಗುತ್ತದೆಂದು ನನ್ನ ಅಭಿಪ್ರಾಯ.

ಉತ್ತರ 2

ಸ್ವರಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ದೀರ್ಘಸ್ವರಗಳಿಗೆ ಬೇರೆ ಅಕ್ಷರವಿಲ್ಲ, ಅದೇ ಅಕ್ಷರವನ್ನು ಎರಡು ಬಾರಿ ಬರೆಯುತ್ತಾರೆ. ವರ್ಣಮಾಲೆ ಅಷ್ಟು ಚಿಕ್ಕದಾಗಿರುವುದಕ್ಕೆ ಇದೂ ಒಂದು ಕಾರಣ.

ಇನ್ನು ಅನುನಾಸಿಕಗಳ ವಿಷಯ. ಮಧ್ಯ ಉಪಭಾಷೆಯಲ್ಲಿ ಅವು ಅರ್ಥಭೇದ ಮಾಡುವುದಿಲ್ಲ. ವಕಾರವು ಬಕಾರ ಅಥವಾ ಮಕಾರದಂತೆ, ರಕಾರವು ಲಕಾರ, ದಕಾರ ಅಥವಾ ನಕಾರದಂತೆ ಕೇಳಿಸಬಹುದಾದರೂ ಆಡುವವರಿಗೆ ಅದು ಅದೇ ಪದ. ಆದ್ದರಿಂದ ‘ಎಮ್’, ‘ಎನ್’ ಅಕ್ಷರಗಳು ಅಲ್ಲಿ ಬೇಕಾಗಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಅನುನಾಸಿಕಗಳು ಆ ಭಾಷೆಯಲ್ಲಿ ಎಂದೂ ಇರಲಿಲ್ಲವೆಂದು ತಿಳಿಯಬೇಕೆ?

ಉತ್ತರ 3

ಹಾಗೆ ಹೇಳಲಾಗದು. ಅದೇ ಭಾಷೆಯ ಐಟಾ ಉಪಭಾಷೆಯಲ್ಲಿ ಅಘೋಷ (ಪ, ತ, ಕ), ಘೋಷ (ಬ, ದ, ಗ), ಅನುನಾಸಿಕ (ಮ, ನ, ಙ) ಎಂಬ ಮೂರು ಸಾಲುಗಳಿದ್ದು, ಒಟ್ಟು 9 ವ್ಯಂಜನಗಳಿವೆ. ಬಕಾರದ ಬದಲು ಮಕಾರ ಬಂದರೆ ಅಲ್ಲಿ ಪದವೇ ಬೇರೆಯಾಗುತ್ತದೆ. ಮಧ್ಯ ಉಪಭಾಷೆಯ 6 ವ್ಯಂಜನಗಳ ವಿವರಣೆ ಪ್ರಕಟವಾದದ್ದು 1969ರಲ್ಲಿ, ಐಟಾದ ಅಧ್ಯಯನ ಬಂದದ್ದು 2006ರಲ್ಲಿ. ನಡುವಿನ ದಶಕಗಳಲ್ಲಿ ಇಡೀ ರೊಟೊಕಾಸ್ ‘ಅನುನಾಸಿಕಗಳಿಲ್ಲದ ಭಾಷೆ’ ಎಂದೇ ಹೆಸರಾಯಿತು. ಐಟಾದಲ್ಲಿ ಘೋಷ, ಅನುನಾಸಿಕ ಎಂದು ಎರಡು ಸಾಲುಗಳಾಗಿರುವುದು ಮಧ್ಯ ಉಪಭಾಷೆಯಲ್ಲಿ ಒಂದೇ ಆಗಿದೆ. ಯಾವ ಪದದಲ್ಲಿ ಘೋಷ, ಯಾವುದರಲ್ಲಿ ಅನುನಾಸಿಕ ಎಂದು ಹೇಳಬಲ್ಲ ನಿಯಮ ಐಟಾದಲ್ಲಿ ಸಿಗುವುದಿಲ್ಲವಾದ್ದರಿಂದ, ಎರಡೂ ಸಾಲುಗಳು ಮೊದಲಿನಿಂದ ಇದ್ದು ಮಧ್ಯ ಉಪಭಾಷೆಯಲ್ಲಿ ಕೂಡಿಹೋದವೆಂದು ಊಹಿಸುವುದೇ ಸರಿ. ಐಟಾ ಮಾತನ್ನು ಭೇದ ಕಳೆಯದೆ ಬರೆಯಲು ಆ 12 ಅಕ್ಷರಗಳು ಸಾಲುವುದಿಲ್ಲ.