ಬ್ಯಾಂಕ್ ಆಡಿಟ್‌ನ ತಿಂಗಳಲ್ಲೇ ಕುದುರೆ ಮರಿ ಹಾಕಲಿದೆ: ವೃತ್ತಿ, ಲಾಯ ಎರಡನ್ನೂ ನಿಭಾಯಿಸುವುದು ಹೇಗೆ?

ಪ್ರಶ್ನೆ: ಗುಡ್ಡೆಮನೆ, ಹಿರಿಯಡ್ಕ (ಫೆಬ್ರವರಿ ಕೊನೆಯ ವಾರ)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯಲ್ಲಿ ಲೆಕ್ಕಪರಿಶೋಧಕಿಯಾಗಿ ವೃತ್ತಿ ನಡೆಸುತ್ತಿದ್ದೇನೆ. ಮನೆ ಹಿರಿಯಡ್ಕದ ಸಮೀಪ, ಅಡಿಕೆ ತೋಟದ ಮೇಲ್ಬದಿಯ ಗುಡ್ಡೆಯಲ್ಲಿದೆ. ಹಟ್ಟಿಯಲ್ಲಿ ಹಸುಗಳಿವೆ, ಅದಕ್ಕೆ ತಾಗಿಕೊಂಡಂತೆ ಕಟ್ಟಿಸಿದ ಲಾಯದಲ್ಲಿ ಮಾರ್ವಾಡಿ ತಳಿಯ ಎರಡು ಹೆಣ್ಣುಕುದುರೆಗಳಿವೆ. ವರ್ಷದ ಬಹುಪಾಲು ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಾನೇ ಅವುಗಳೊಡನೆ ಇರುತ್ತೇನೆ. ನಡುವಿನ ಹೊತ್ತಿನಲ್ಲಿ ಹುಲ್ಲು, ನೀರು, ಸೆಗಣಿಯ ಕೆಲಸವನ್ನು ತೋಟದ ಕೆಲಸದವರು ನೋಡಿಕೊಳ್ಳುತ್ತಾರೆ.

ಕಷ್ಟವಾಗುವುದು ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ. ಮಾರ್ಚ್ 15ಕ್ಕೆ ಮುಂಗಡ ತೆರಿಗೆಯ ಕೊನೆಯ ಕಂತು, 31ಕ್ಕೆ ಆರ್ಥಿಕ ವರ್ಷದ ಮುಕ್ತಾಯ, ಅದರ ಬೆನ್ನಿಗೇ ಬ್ಯಾಂಕ್ ಶಾಖೆಗಳ ಶಾಸನಬದ್ಧ ಲೆಕ್ಕಪರಿಶೋಧನೆ. ಏಪ್ರಿಲ್‌ನ ಮೊದಲೆರಡು ವಾರ ಮನೆ ಸೇರುವಾಗ ರಾತ್ರಿ ಹತ್ತಾಗುವುದು ಅಪರೂಪವಲ್ಲ. ಅದೇ ಹೊತ್ತಿಗೆ ಸೆಕೆ ಏರುತ್ತದೆ, ಬಾವಿಯ ನೀರು ಇಳಿಯುತ್ತದೆ. ಈ ಸಲ ಅದಕ್ಕೆ ಇನ್ನೊಂದು ಸೇರಿಕೊಂಡಿದೆ: ಎರಡು ಕುದುರೆಗಳಲ್ಲಿ ಹಿರಿಯದು ತುಂಬು ಗಬ್ಬದಲ್ಲಿದೆ. ಕಳೆದ ವರ್ಷ ಮೇ 5ರಂದು ಗಂಡುಕುದುರೆಯ ಬಳಿಗೆ ಒಯ್ದದ್ದರಿಂದ ಏಪ್ರಿಲ್ 10ರ ಸುಮಾರಿಗೆ ಮರಿ ಹಾಕಬೇಕು.

ಪತಿ ಹಡಗಿನ ಕೆಲಸದಲ್ಲಿರುವುದರಿಂದ ಮೇ ತಿಂಗಳವರೆಗೆ ಊರಿಗೆ ಬರಲಾರರು. ಅತ್ತೆಯವರು ಮನೆಯಲ್ಲಿದ್ದಾರೆ, ಎಷ್ಟೋ ಹಸುಗಳ ಹೆರಿಗೆ ನೋಡಿದ ಅನುಭವ ಅವರಿಗಿದೆ. ಸದ್ಯಕ್ಕೆ ನನಗೆ ಕಾಣುತ್ತಿರುವ ದಾರಿಗಳು ಮೂರು: ಏಪ್ರಿಲ್ ಮುಗಿಯುವವರೆಗೆ ಕುದುರೆಯನ್ನು ಬೆಂಗಳೂರಿನ ಕಡೆಯ ಪರಿಚಯದ ಫಾರ್ಮಿಗೆ ಕಳುಹಿಸುವುದು, ರಾತ್ರಿ ಕಾವಲಿಗೆ ಒಬ್ಬರನ್ನು ಇಟ್ಟುಕೊಳ್ಳುವುದು, ಇಲ್ಲವೇ ಈ ವರ್ಷ ಆಡಿಟ್ ಕೆಲಸವನ್ನೇ ಒಪ್ಪಿಕೊಳ್ಳದಿರುವುದು. ಮೂರನೆಯದನ್ನು ಮಾಡಲು ಮನಸ್ಸಿಲ್ಲ, ಏಕೆಂದರೆ ಕಚೇರಿಯನ್ನು ಕಟ್ಟಿ ಬೆಳೆಸಿದ್ದು ಈ ಕೆಲಸದಿಂದಲೇ. ಹಾಗೆಂದು ಕುದುರೆಯನ್ನು ದೈವೇಚ್ಛೆಗೆ ಬಿಟ್ಟು ಕಚೇರಿಯಲ್ಲಿ ಕೂರಲೂ ನನ್ನಿಂದಾಗದು. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಪಶುವೈದ್ಯ, ಪುತ್ತೂರು

ನೀವು ದಿನಾಂಕವನ್ನು ಸ್ಪಷ್ಟವಾಗಿ ಬರೆದಿಟ್ಟುಕೊಂಡಿರುವುದು ಬಹಳ ಒಳ್ಳೆಯದಾಯಿತು. ಕುದುರೆಯ ಗರ್ಭಾವಧಿ ಸರಾಸರಿ 340 ದಿನಗಳಾದರೂ 320ರಿಂದ 360 ದಿನಗಳ ನಡುವೆ ಯಾವಾಗ ಮರಿ ಹಾಕಿದರೂ ಅದನ್ನು ಸಹಜವೆಂದೇ ಪರಿಗಣಿಸಬೇಕಾಗುತ್ತದೆ. ನಿಮ್ಮ ಲೆಕ್ಕದಲ್ಲಿ ಅದು ಮಾರ್ಚ್ 21ರಿಂದ ಏಪ್ರಿಲ್ 30ರವರೆಗಿನ ಯಾವುದೇ ರಾತ್ರಿಯಾಗಬಹುದು. ರಾತ್ರಿ ಎಂದು ತಿಳಿದೇ ಬರೆದಿದ್ದೇನೆ. ಬಹುತೇಕ ಕುದುರೆಗಳು ಜನರ ಓಡಾಟ ನಿಂತು ಲಾಯ ಶಾಂತವಾದ ಮೇಲೆಯೇ ಮರಿ ಹಾಕುತ್ತವೆ. ಆದ್ದರಿಂದ ಹಗಲಿನಲ್ಲಿ ನೀವು ಬ್ಯಾಂಕಿನಲ್ಲಿರುವುದು ಅಷ್ಟು ದೊಡ್ಡ ಸಮಸ್ಯೆಯಲ್ಲ. ರಾತ್ರಿಯಿಡೀ ಲಾಯದಲ್ಲಿ ಎಚ್ಚರವಿದ್ದು ಮರುದಿನ ಸಾಲದ ಖಾತೆಗಳನ್ನು ಪರಿಶೀಲಿಸಬೇಕಾಗುವುದೇ ನಿಜವಾದ ಸಮಸ್ಯೆ.

ಕುದುರೆಯನ್ನು ಬೆಂಗಳೂರಿಗೆ ಕಳುಹಿಸುವುದು ಬೇಡವೆಂದು ನನ್ನ ಸಲಹೆ. ಮರಿ ಹಾಕುವ ಜಾಗಕ್ಕೆ ತಾಯಿ ಕನಿಷ್ಠ ನಾಲ್ಕರಿಂದ ಆರು ವಾರ ಮೊದಲೇ ಬಂದು ನೆಲೆಸಿರಬೇಕು. ಆ ಜಾಗದ ರೋಗಾಣುಗಳಿಗೆ ಅದರ ದೇಹವು ಪ್ರತಿರೋಧ ಬೆಳೆಸಿಕೊಂಡರೆ ಮಾತ್ರ ಆ ರಕ್ಷಣೆ ಗಿಣ್ಣುಹಾಲಿನ ಮೂಲಕ ಮರಿಗೆ ಸಿಗುತ್ತದೆ. ಕುದುರೆಮರಿ ಹುಟ್ಟುವಾಗ ಅದರ ರಕ್ತದಲ್ಲಿ ತಾಯಿಯಿಂದ ಬಂದ ಪ್ರತಿಕಾಯಗಳು ಇಲ್ಲವೆಂದೇ ಹೇಳಬೇಕು. ಗಿಣ್ಣುಹಾಲೇ ಅದಕ್ಕೆ ಆಧಾರ, ಅದನ್ನು ಹೀರಿಕೊಳ್ಳುವ ಶಕ್ತಿಯೂ ಮೊದಲ 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಕಳುಹಿಸಲೇಬೇಕೆಂದಿದ್ದರೆ ಈ ವಾರವೇ ಹೊರಡಿಸಬೇಕು. ಆದರೆ ಈ ಬಿಸಿಲಿನಲ್ಲಿ ತುಂಬು ಗಬ್ಬದ ಪ್ರಾಣಿಯನ್ನು ಲಾರಿಯಲ್ಲಿ ಘಾಟಿ ಹತ್ತಿಸುವುದನ್ನು ನಾನು ಒಪ್ಪಲಾರೆ.

ಅತ್ತೆಯವರ ಅನುಭವದ ಬಗ್ಗೆ ಗೌರವದಿಂದಲೇ ಒಂದು ಮಾತು ಹೇಳಬೇಕಾಗಿದೆ. ಹಸುವಿನ ಹೆರಿಗೆ ನಿಧಾನವಾಗಿ ನಡೆಯುತ್ತದೆ. ನೀರಚೀಲ ಕಂಡ ಮೇಲೂ ಸ್ವಲ್ಪ ಕಾಯೋಣ ಎನ್ನುವುದು ನಮ್ಮ ಹಳ್ಳಿಮನೆಗಳ ರೂಢಿ, ಹಸುವಿನ ಮಟ್ಟಿಗೆ ಅದು ಬಹಳಷ್ಟು ಸಲ ಸರಿಯೂ ಹೌದು. ಕುದುರೆಯಲ್ಲಿ ಹಾಗೆ ಕಾಯುವಂತಿಲ್ಲ. ನೀರು ಒಡೆದ ಮೇಲೆ 20ರಿಂದ 30 ನಿಮಿಷಗಳೊಳಗೆ ಮರಿ ಹೊರಗೆ ಬರಬೇಕು, ಬಾರದಿದ್ದರೆ ಅದು ತುರ್ತು ಪರಿಸ್ಥಿತಿ. ಬಿಳಿಯ ಪೊರೆಯ ಬದಲು ಕೆಂಪು ವೆಲ್ವೆಟಿನಂಥ ಚೀಲ ಮೊದಲು ಕಾಣಿಸಿಕೊಂಡರೆ ಮಾಸು ಮೊದಲೇ ಕಳಚಿಕೊಂಡಿದೆ, ಮರಿಗೆ ಉಸಿರು ಸಿಗುತ್ತಿಲ್ಲ ಎಂದರ್ಥ. ಆಗ ವೈದ್ಯರಿಗಾಗಿ ಕಾಯದೆ ಅದನ್ನು ತಕ್ಷಣ ಸೀಳಿ ಮರಿಯನ್ನು ಹೊರಗೆಳೆಯಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಹಸುವಿಗೆ ಮಾಸು ಬೀಳಲು ಅರ್ಧ ದಿನ ಕಾದರೂ ನಡೆಯುತ್ತದೆ. ಕುದುರೆಗೆ ಅಷ್ಟು ಹೊತ್ತು ಕಾದರೆ ನಂಜೇರಿ ಗೊರಸಿನ ಉರಿಯೂತದವರೆಗೂ ಹೋಗಬಹುದು. ಈ ವ್ಯತ್ಯಾಸವನ್ನು ಅತ್ತೆಯವರಿಗೂ ಕಾವಲಿನವರಿಗೂ ಕೂರಿಸಿಕೊಂಡು ವಿವರಿಸಿ, ದೊಡ್ಡ ಅಕ್ಷರದಲ್ಲಿ ಬರೆದು ಲಾಯದ ಗೋಡೆಗೆ ಅಂಟಿಸಿರಿ.

ಇನ್ನು ನಿಮ್ಮ ನಿದ್ದೆಯ ವಿಚಾರ. ಕೆಚ್ಚಲು ತುಂಬಿದ ಮೇಲೆ ಪ್ರತಿದಿನ ಸಂಜೆ ಒಂದೇ ಹೊತ್ತಿಗೆ ಮೊಲೆತೊಟ್ಟಿನಿಂದ ಕೆಲವೇ ಹನಿಗಳನ್ನು ತೆಗೆದು ಪಿಎಚ್ (ಆಮ್ಲೀಯತೆ) ತೋರಿಸುವ ಕಾಗದದ ಪಟ್ಟಿಯ ಮೇಲೆ ಹಾಕಿ ಬಣ್ಣ ನೋಡಿ. ಹೆರಿಗೆ ದೂರವಿರುವಾಗ ಅದು ಏಳರ ಮೇಲಿರುತ್ತದೆ, ಸಮೀಪಿಸಿದಂತೆ ಇಳಿಯುತ್ತದೆ. 6.4ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ ಬಹುಮಟ್ಟಿಗೆ ಒಂದೆರಡು ದಿನಗಳೊಳಗೆ ಮರಿ ಹಾಕುತ್ತದೆ. ಅದಕ್ಕಿಂತ ಮೇಲಿದ್ದರೆ ಆ ರಾತ್ರಿ ಹಾಕುವ ಸಂಭವ ತೀರ ಕಡಿಮೆ. ಉದ್ಯೋಗಸ್ಥರಿಗೆ ಈ ಪರೀಕ್ಷೆಯಿಂದಾಗುವ ದೊಡ್ಡ ಉಪಕಾರ ಈ ಎರಡನೆಯದೇ: ಯಾವ ರಾತ್ರಿ ನಿಶ್ಚಿಂತೆಯಿಂದ ಮಲಗಬಹುದೆಂದು ಅದು ತಿಳಿಸುತ್ತದೆ. ಆದರೂ ಕಾವಲನ್ನು ಪೂರ್ತಿ ತೆಗೆಯಬೇಡಿ. ತೊಟ್ಟಿನ ತುದಿಯಲ್ಲಿ ಮೇಣದಂತೆ ಹಳದಿ ಹನಿ ಗಟ್ಟಿಯಾಗಿ ನಿಲ್ಲುವುದೂ ಹತ್ತಿರದ ಸೂಚನೆಯೇ, ಆದರೆ ಎಲ್ಲ ಕುದುರೆಗಳಲ್ಲೂ ಅದು ಕಾಣುವುದಿಲ್ಲ. ಹಾಲನ್ನು ಹೆಚ್ಚು ಕರೆಯಬಾರದು, ಅದು ಮರಿಯ ಪಾಲಿನ ಗಿಣ್ಣು.

ಹಟ್ಟಿ, ಲಾಯ ಒಂದಕ್ಕೊಂದು ತಾಗಿಕೊಂಡಿವೆ ಎಂದಿದ್ದೀರಿ. ನೀವು ಮನೆಯಲ್ಲಿಲ್ಲದ ದಿನಗಳಲ್ಲಿ ಕೆಲಸದವರು ಕೈಗೆ ಸಿಕ್ಕಿದ ಪಶು ಆಹಾರವನ್ನೋ ಕೋಳಿ ಆಹಾರವನ್ನೋ ಕುದುರೆಗೆ ಹಾಕದಂತೆ ನೋಡಿಕೊಳ್ಳಿ. ಅಂಥ ಆಹಾರಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧ ಕೋಳಿಗೂ ದನಕ್ಕೂ ತಡೆದೀತು, ಕುದುರೆಗೆ ಮಾತ್ರ ಸ್ವಲ್ಪ ಪ್ರಮಾಣದಲ್ಲೇ ಹೃದಯಕ್ಕೆ ಮಾರಕ. ಚೀಲಗಳನ್ನು ಬೇರೆ ಬೇರೆ ಕೋಣೆಗಳಲ್ಲಿಡಿ.

ಉತ್ತರ: ಕೋಣಗಳ ಮನೆ, ಮೂಡುಬಿದಿರೆ

ಅಕ್ಕನವರಿಗೆ ನಮಸ್ಕಾರ. ನಮ್ಮ ಮನೆಯಲ್ಲಿ ಕುದುರೆಗಳಿಲ್ಲ, ಕಂಬಳದ ಕೋಣಗಳಿವೆ. ನಾನು ಸಹಕಾರಿ ಸಂಘವೊಂದರಲ್ಲಿ ವ್ಯವಸ್ಥಾಪಕನಾಗಿದ್ದೇನೆ. ಆರ್ಥಿಕ ವರ್ಷದ ಮುಕ್ತಾಯವೂ ಕಂಬಳದ ಕೊನೆಯ ಕೂಟಗಳೂ ಒಟ್ಟಿಗೇ ಬರುವುದರಿಂದ ನಿಮ್ಮ ಮಾರ್ಚ್ ತಿಂಗಳು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮಂಥ ನೌಕರಿಯವರು ಕೋಣ ಸಾಕಲು ಸಾಧ್ಯವಾಗಿರುವುದು ಅವುಗಳನ್ನು ನೋಡಿಕೊಳ್ಳುವವರಿಂದ. ಹುರುಳಿ ಬೇಯಿಸುವುದು, ಎಣ್ಣೆ ತಿಕ್ಕುವುದು, ಈಜಿಸುವುದು ಎಲ್ಲವೂ ಅವರ ಕೈಯಲ್ಲೇ. ಆದ್ದರಿಂದ ನಿಮ್ಮ ಎರಡನೆಯ ದಾರಿಯೇ ಸರಿಯಾದದ್ದೆಂದು ನನಗೆ ತೋರುತ್ತದೆ. ಆದರೆ ಕಾವಲಿಗೆ ಜನ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಆ ವ್ಯಕ್ತಿಗೆ ನಿಮ್ಮನ್ನು ಕೇಳದೆ ವೈದ್ಯರನ್ನು ಕರೆಸುವ ಅಧಿಕಾರವಿರಬೇಕು, ಅದಕ್ಕೆ ಬೇಕಾದ ಹಣ ಮನೆಯಲ್ಲೇ ತೆಗೆದಿಟ್ಟಿರಬೇಕು. ಅಮ್ಮಾವರು ಮೀಟಿಂಗಿನಲ್ಲಿದ್ದಾರೋ ಏನೋ ಎಂದು ಅವರು ಹಿಂದೆಮುಂದೆ ನೋಡುತ್ತಾ ಕುಳಿತರೆ ಡಾಕ್ಟರು ಹೇಳಿದ ಆ ಮೂವತ್ತು ನಿಮಿಷ ಅಲ್ಲೇ ಕಳೆದುಹೋಗುತ್ತದೆ. ಇನ್ನೊಂದು ವಿಷಯ, ರಾತ್ರಿ ಕಾದವರನ್ನು ಹಗಲು ತೋಟಕ್ಕೆ ನೀರು ಬಿಡಲು ಕರೆಯಬಾರದು. ಹಗಲು ಅವರಿಗೆ ನಿದ್ದೆ ಬೇಕು, ವಾರಕ್ಕೊಂದು ರಾತ್ರಿ ರಜೆಯೂ ಬೇಕು. ಬಿಸುವಿನ ಹಬ್ಬಕ್ಕೆ ಅವರು ತಮ್ಮ ಮನೆಗೆ ಹೋಗಲು ಬಯಸುವುದು ಸಹಜವಾದ್ದರಿಂದ ಏಪ್ರಿಲ್ 14ರ ಸುಮಾರಿನ ದಿನಗಳಿಗೆ ಬದಲಿ ಜನವನ್ನು ಈಗಲೇ ಗೊತ್ತುಮಾಡಿಕೊಳ್ಳಿ.

ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಬಹುದು. ಅದನ್ನೊಂದೇ ನಂಬಿಕೊಳ್ಳದೆ ನಿಮ್ಮ ಕಡೆಯ ಪಶುವೈದ್ಯರನ್ನು ಒಮ್ಮೆ ಮೊದಲೇ ಕರೆಸಿ ಕುದುರೆಯನ್ನು ತೋರಿಸಿಟ್ಟಿರಿ. ನಮ್ಮ ಜಿಲ್ಲೆಗಳಲ್ಲಿ ಹಸು, ಕೋಣ, ಆಡು ನೋಡುವ ವೈದ್ಯರಿಗೆ ಕೊರತೆಯಿಲ್ಲ. ಕುದುರೆಯ ಹೆರಿಗೆ ನೋಡಿದವರು ಸಿಗುವುದು ಕಷ್ಟ.

ಉತ್ತರ: ಆಡಿಟರ್, ಕದ್ರಿ

ವೃತ್ತಿಯ ಕಡೆಯ ಮಾತನ್ನಷ್ಟೇ ಸೇರಿಸುತ್ತೇನೆ. ನೇಮಕವನ್ನು ಒಪ್ಪಿಕೊಂಡ ಮೇಲೆ ನಡುವಿನಲ್ಲಿ ಕೈಬಿಡುವುದು ಯಾರಿಗೂ ಶೋಭೆಯಲ್ಲ. ಆದ್ದರಿಂದ ಎಷ್ಟು ಶಾಖೆಗಳು, ಎಷ್ಟು ದೂರದಲ್ಲಿ ಎಂಬ ಮಿತಿಯನ್ನು ಒಪ್ಪುವ ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಳ್ಳಿ. ದೊಡ್ಡ ಸಾಲಗಳ ದಾಖಲೆ, ಅಡಮಾನದ ಪತ್ರ, ಹಿಂದಿನ ವರ್ಷದ ಆಕ್ಷೇಪಣೆಗಳಿಗೆ ಶಾಖೆ ಕೊಟ್ಟ ಉತ್ತರ, ಇವುಗಳನ್ನು ನೇಮಕಪತ್ರ ಬಂದ ದಿನವೇ ಕೇಳಿ ತರಿಸಿಕೊಂಡರೆ ಏಪ್ರಿಲ್‌ನ ಸಂಜೆಗಳಲ್ಲಿ ಒಂದೆರಡು ಗಂಟೆ ಉಳಿಯುತ್ತದೆ. ಆರ್ಟಿಕಲ್‌ಶಿಪ್ (ಸಿಎ ತರಬೇತಿ) ಮಾಡುತ್ತಿರುವ ಹುಡುಗರು ಪಟ್ಟಿ ತಯಾರಿಸಬಲ್ಲರು, ಬಡ್ಡಿಯ ಲೆಕ್ಕ ಪರಿಶೀಲಿಸಬಲ್ಲರು. ಯಾವ ಸಾಲ ವಸೂಲಾಗದ ವರ್ಗಕ್ಕೆ ಸೇರಬೇಕೆಂಬ ತೀರ್ಮಾನ ಮಾತ್ರ ನೀವೇ ಕಣ್ಣಲ್ಲಿ ಕಣ್ಣಿಟ್ಟು ಮಾಡಬೇಕಾದದ್ದು. ನಿದ್ದೆಗೆಟ್ಟ ರಾತ್ರಿಯ ಮರುದಿನ ಆ ಕೆಲಸಕ್ಕೆ ಕೂರಬೇಡಿ, ಒಂದು ದಿನ ಮುಂದಕ್ಕೆ ಹಾಕಿರಿ. ಮೇಡಂ ಊರಿನಲ್ಲಿದ್ದೂ ಆ ದಿನ ಬರಲಾಗದಿದ್ದರೆ ಯಾರು ಶಾಖೆಗೆ ಹೋಗಬೇಕೆಂಬುದನ್ನು ಪಾಲುದಾರರೊಡನೆ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.

ಗುಡ್ಡೆಮನೆ, ಹಿರಿಯಡ್ಕ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಕುದುರೆ ಇಲ್ಲೇ ಇರಲಿ ಎಂದು ನಿರ್ಧರಿಸಿದ್ದೇನೆ. ಕಾವಲಿಗೆ ತೋಟದ ಕೆಲಸದವರ ತಮ್ಮ ಒಪ್ಪಿದ್ದಾರೆ. ಕೆಂಪು ಚೀಲದ ವಿಷಯ ಓದಿ ಹೇಳಿದಾಗ ಅತ್ತೆಯವರೇ ಕತ್ತರಿಯೊಂದನ್ನು ಕುದಿಸಿ ಬಟ್ಟೆಯಲ್ಲಿ ಸುತ್ತಿ ಲಾಯದ ಗೂಡಿನಲ್ಲಿಟ್ಟಿದ್ದಾರೆ. ಡಾಕ್ಟರೇ, ಇನ್ನೆರಡು ಪ್ರಶ್ನೆಗಳಿವೆ. ಏಪ್ರಿಲ್‌ನ ಸೆಕೆಯಲ್ಲಿ ತಾಯಿ, ಮರಿ ಎರಡನ್ನೂ ನೋಡಿಕೊಳ್ಳುವುದು ಹೇಗೆ? ಮುಂದಿನ ಸಲವಾದರೂ ಹೆರಿಗೆ ಈ ತಿಂಗಳುಗಳಲ್ಲಿ ಬಾರದಂತೆ ಮಾಡಲು ಸಾಧ್ಯವೇ?

ಉತ್ತರ: ನಿವೃತ್ತ ಪಶುವೈದ್ಯ, ಪುತ್ತೂರು

ನಮ್ಮ ಕರಾವಳಿಯಲ್ಲಿ ಕುದುರೆಗೆ ಬಿಸಿಲಿಗಿಂತ ತೇವ ಹೆಚ್ಚು ಹಾನಿಕರ. ಕುದುರೆ ತನ್ನ ಮೈಯನ್ನು ತಂಪಾಗಿಸಿಕೊಳ್ಳುವುದು ಮುಖ್ಯವಾಗಿ ಬೆವರಿನಿಂದ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ಬಿಸಿ ಇಳಿಯುವುದಿಲ್ಲ. ಕೆಲವು ಕುದುರೆಗಳು ಇಂಥ ಹವೆಯಲ್ಲಿ ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಮಧ್ಯಾಹ್ನ ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುತ್ತಿದ್ದು ಕುತ್ತಿಗೆ, ಪಕ್ಕೆ ಒಣಗಿದ್ದರೆ ಕೂಡಲೇ ಮೈಮೇಲೆ ನೀರು ಹೊಯ್ಯಿಸಿ, ವೈದ್ಯರಿಗೆ ತಿಳಿಸಿ. ಕಿರಿಯ ಕುದುರೆಯನ್ನು ರಾತ್ರಿಯಿಂದ ಬೆಳಗಿನವರೆಗೆ ಹೊರಗೆ ಬಿಟ್ಟು ಹಗಲು ನೆರಳಿನಲ್ಲಿ ಕಟ್ಟಿದರೆ ನಿಮ್ಮ ಕಚೇರಿಯ ಹೊತ್ತಿಗೂ ಅದು ಹೊಂದಿಕೊಳ್ಳುತ್ತದೆ.

ನೀರಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಹಾಲುಣಿಸುವ ಕುದುರೆಗೆ ಈ ಸೆಕೆಯಲ್ಲಿ ದಿನಕ್ಕೆ 50 ಲೀಟರಿಗೂ ಹೆಚ್ಚು ಬೇಕಾಗುತ್ತದೆ. ನೀರು ಕಡಿಮೆಯಾದರೆ ಕರುಳಿನಲ್ಲಿ ಮೇವು ಗಟ್ಟಿಯಾಗಿ ಹೊಟ್ಟೆನೋವು ಬರುತ್ತದೆ. 2019ರ ಮೇ ತಿಂಗಳಲ್ಲಿ ಸ್ವರ್ಣಾ ನದಿಯ ಬಜೆ ಅಣೆಕಟ್ಟೆಯಲ್ಲಿ ನೀರು ತಳ ಕಂಡು ಉಡುಪಿ ನಗರವೇ ಪರದಾಡಿದ್ದನ್ನು ನೀವು ಮರೆತಿರಲಾರಿರಿ. ಬಾವಿ ಬತ್ತಿದರೆ ಟ್ಯಾಂಕರ್ ಎಲ್ಲಿಂದ ಬರಬೇಕೆಂದು ಮಾರ್ಚ್‌ನಲ್ಲೇ ಗೊತ್ತುಮಾಡಿಕೊಳ್ಳಿ. ಉಪ್ಪಿನ ಗಟ್ಟಿ ಸದಾ ಎದುರಿಗಿರಲಿ. ಹೆರಿಗೆಯ ಲಾಯಕ್ಕೆ ಮರದ ಹುಡಿ ಹಾಸದೆ ದೂಳಿಲ್ಲದ ಬೈಹುಲ್ಲು ಹಾಸಿ; ಹುಡಿ ಒದ್ದೆ ಮರಿಯ ಮೂಗಿಗೆ ಮೆತ್ತಿಕೊಳ್ಳುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ: ಖಂಡಿತವಾಗಿ ಸಾಧ್ಯ. ಚಳಿ ದೇಶಗಳಲ್ಲಿ ಹೆಣ್ಣುಕುದುರೆ ಬೆದೆಗೆ ಬರುವುದು ಹಗಲು ದೀರ್ಘವಾಗುವ ವಸಂತದಲ್ಲಿ, ಅದಕ್ಕೇ ಅಲ್ಲಿ ವಸಂತವೆಂದರೆ ಮರಿಗಳ ಕಾಲ. ನಾವು ಭೂಮಧ್ಯರೇಖೆಗೆ ಹತ್ತಿರ, ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದ್ದೇವೆ. ಇಲ್ಲಿ ಹಗಲಿನ ಉದ್ದ ಅಷ್ಟೇನೂ ಏರಿಳಿಯದ ಕಾರಣ ಎಷ್ಟೋ ಕುದುರೆಗಳು ವರ್ಷದ ಹೆಚ್ಚಿನ ಭಾಗ ಬೆದೆಗೆ ಬರುತ್ತವೆ. ಜನವರಿ ಕೊನೆಯಲ್ಲಿ ಗಂಡುಕುದುರೆಯ ಬಳಿಗೆ ಒಯ್ದರೆ ಡಿಸೆಂಬರ್ ಕೊನೆಗೋ ಜನವರಿ ಮೊದಲಿಗೋ ಮರಿ ಬರುತ್ತದೆ. ಆಗ ಮಳೆಯಿರುವುದಿಲ್ಲ, ನೊಣ ಕಡಿಮೆ, ಬಾವಿಯಲ್ಲಿ ನೀರಿರುತ್ತದೆ, ಗೊಬ್ಬರದ ಗುಂಡಿಯೂ ಒಣಗಿರುತ್ತದೆ. ಸೆಪ್ಟೆಂಬರ್–ಅಕ್ಟೋಬರಿನ ತೆರಿಗೆ ಆಡಿಟ್ ಮುಗಿದು ಮಾರ್ಚಿನ ಗಡಿಬಿಡಿ ಇನ್ನೂ ಆರಂಭವಾಗದ ಆ ದಿನಗಳು ನಿಮ್ಮ ವೃತ್ತಿಗೂ ಅನುಕೂಲ. ಮರಿ ಹಾಕಿದ ಏಳರಿಂದ ಹನ್ನೆರಡು ದಿನಗಳೊಳಗೆ ಕುದುರೆ ಮತ್ತೆ ಬೆದೆಗೆ ಬರುತ್ತದೆ, ಫಾರ್ಮಿನವರು ಆಗಲೇ ತರಲು ಹೇಳಿಯಾರು. ಒಪ್ಪಿದರೆ ಮುಂದಿನ ಹೆರಿಗೆಯೂ ಮಾರ್ಚ್ ತಿಂಗಳಿಗೇ ಬರುತ್ತದೆ. ಆದ್ದರಿಂದ ಮುಂದಿನ ಜನವರಿಯವರೆಗೆ ಕಾಯಿರಿ.

ಧನುರ್ವಾಯುವಿನ ಲಸಿಕೆಯನ್ನು ಹೆರಿಗೆಗೆ ನಾಲ್ಕರಿಂದ ಆರು ವಾರ ಮೊದಲು ಹಾಕಿಸಬೇಕು. ಏಪ್ರಿಲ್ 10ರ ಲೆಕ್ಕದಲ್ಲಿ ಆ ಅವಧಿ ಈ ವಾರವೇ ತೆರೆದುಕೊಳ್ಳುತ್ತದೆ. ವೈದ್ಯರನ್ನು ಪರಿಚಯಕ್ಕೆಂದು ಕರೆಸುವ ದಿನವೇ ಲಸಿಕೆಯನ್ನೂ ತರಲು ಹೇಳಿ, ಮರಿಯ ಹೊಕ್ಕುಳಿಗೆ ಹಚ್ಚಲು ಕ್ಲೋರ್‌ಹೆಕ್ಸಿಡಿನ್ ಬರೆಸಿಕೊಂಡು ತಂದಿಟ್ಟುಕೊಳ್ಳಿ.